ಅಕ್ಕನ ಎದೆಯ ಬಿಳಿ ಗೆರೆಗಳು

ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡುವುದು ಎಂದಷ್ಟೇ ನಮಗೆ ಗೊತ್ತಿತ್ತು. ಸಾಗರದ ಆಸ್ಪತ್ರೆಯ ಐಸಿಯುನಲ್ಲಿ ಡಾಕ್ಟರು ಅಕ್ಕನ ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿದಾಗ, ಅವಳು ಆಕ್ಸಿಜನ್ ಮಾಸ್ಕಿನೊಳಗಿಂದಲೇ, "ಈ ವಯಸ್ಸಲ್ಲಿ ನಂಗೆಂಥ ಮಗು ಮಾರಾಯ್ರೇ" ಅಂದಳು. ನರ್ಸ್ ನಕ್ಕಳು. ಡಾಕ್ಟರು ನಗಲಿಲ್ಲ.

ಹೊಸನಗರದ ಹತ್ತಿರ ನಮ್ಮ ಗದ್ದೆ. ನಾಟಿ ಮುಗಿದ ವಾರ ಅವಳಿಗೆ ಜ್ವರ ಬಂತು. ಇಲಿಜ್ವರ ಎಂದು ಗೊತ್ತಾಗುವಷ್ಟರಲ್ಲಿ ಕಿಡ್ನಿ ಸೋತಿತ್ತು, ಮೂತ್ರ ಇಳಿಯುತ್ತಿರಲಿಲ್ಲ. ಎಕ್ಸ್‌ರೇ ಕೋಣೆಗೆ ಅವಳನ್ನು ಸಾಗಿಸುವಂತಿರಲಿಲ್ಲ. ಅದಕ್ಕೇ ಡಾಕ್ಟರು ಸಣ್ಣ ಸ್ಕ್ಯಾನಿಂಗ್ ಮೆಷಿನ್ನನ್ನು ಮಂಚದ ಬಳಿಗೇ ತರುತ್ತಿದ್ದರು. ಕಪ್ಪು ಪರದೆ, ಅದರಲ್ಲಿ ಮೇಲಿಂದ ಕೆಳಗೆ ನೇರ ಇಳಿಯುವ ಬಿಳಿ ಗೆರೆ. ಶ್ವಾಸಕೋಶದಲ್ಲಿ ನೀರು ಹೆಚ್ಚಿದಷ್ಟೂ ಗೆರೆಗಳು ಹೆಚ್ಚುತ್ತವೆ ಎಂದು ತೋರಿಸಿದರು. ಮೊದಲ ದಿನ ಅಲ್ಲೊಂದು ಇಲ್ಲೊಂದು ಇತ್ತು.

ಕುಡಿಯಲು ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ ನೀರು, ಅಷ್ಟೇ. ಚಮಚದಲ್ಲಿ ಕುಡಿಸುವ ಕೆಲಸ ನನ್ನದು. ಬಾಯಾರಿಕೆ, ಬಾಯಾರಿಕೆ ಎನ್ನುತ್ತಲೇ ಇದ್ದಳು. ಜ್ವರದವರಿಗೆ ಎಳನೀರು ಕುಡಿಸಿದರೆ ಒಳಗಿನ ಉಷ್ಣ ಇಳಿಯುತ್ತದೆ ಎಂದು ನಂಬಿದವರು ನಾವು. ಬೇಡವೆಂದರೂ ಒತ್ತಾಯ ಮಾಡುತ್ತೇವೆ. ಎರಡನೆಯ ದಿನ ಆಸ್ಪತ್ರೆ ಎದುರಿನ ಗಾಡಿಯಿಂದ ಫ್ಲಾಸ್ಕಿಗೆ ಎಳನೀರು ತುಂಬಿಸಿ ತಂದೆ. ನರ್ಸ್ ಆಚೆ ಹೋದಾಗಲೆಲ್ಲ ಕುಡಿಸಿದೆ. ಮೂರು ಕಾಯಿಯದ್ದು.

ಮಾರನೆಯ ಬೆಳಿಗ್ಗೆ ಅಕ್ಕನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಪರದೆಯಲ್ಲಿ ಗೆರೆಗಳು ಒಂದಕ್ಕೊಂದು ಸೇರಿ, ನಡುವೆ ಕಪ್ಪೇ ಉಳಿದಿರಲಿಲ್ಲ. ಡಾಕ್ಟರು ಎರಡೂ ಪಕ್ಕೆ ನೋಡಿದರು, ಮತ್ತೆ ನೋಡಿದರು. ಸೋಂಕು ಶ್ವಾಸಕೋಶಕ್ಕೆ ಹಬ್ಬಿರಬಹುದು, ರಕ್ತ ಒಸರುತ್ತಿರಬಹುದು, ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಾದೀತು ಎಂದರು.

"ನೀರಿದೆ ಅಂತ ಇದು ತೋರಿಸುತ್ತೆ. ಯಾಕೆ ಬಂತು ಅಂತ ತೋರಿಸಲ್ಲ."

ನನ್ನ ಕಾಲಿಗೆ ತಾಗಿಕೊಂಡು ಚೀಲವಿತ್ತು, ಚೀಲದಲ್ಲಿ ಫ್ಲಾಸ್ಕು. ಟ್ಯೂಬ್ ಹಾಕಿದರೆ ನೋವಾಗುತ್ತದೆಯೇ ಎಂದು ಕೇಳಿದೆ. ಶಿವಮೊಗ್ಗಕ್ಕೆ ಒಯ್ಯಲೇ ಎಂದು ಕೇಳಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅವರು ಬಾಗಿಲ ತನಕ ಹೋದರು. ಆಗ ಹೇಳಿದೆ.

ಅವರು ಬೈಯಲಿಲ್ಲ. ಯಾವಾಗ, ಎಷ್ಟು ಎಂದು ಎರಡು ಸಲ ಕೇಳಿದರು. ಕಿಡ್ನಿ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೂ ಅಪಾಯ ಎಂದು ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಟ್ಯೂಬಿಗೆ ಮೊದಲು ಡಯಾಲಿಸಿಸ್ ಮಾಡಿ ನೀರು ತೆಗೆದು ನೋಡೋಣ ಎಂದರು. ಸಂಜೆ ಮತ್ತೆ ಜೆಲ್ ಹಚ್ಚಿದಾಗ ಗೆರೆಗಳ ನಡುವೆ ಕಪ್ಪು ಕಂಡಿತು. ಟ್ಯೂಬ್ ಬೇಕಾಗಲಿಲ್ಲ. ಎಲ್ಲವೂ ಎಳನೀರಿನಿಂದಲೇ ಆಗಿರಲಿಕ್ಕಿಲ್ಲ ಎಂದು ಅವರು ಹೇಳಿದರು. ಅದು ಸಮಾಧಾನಕ್ಕೋ ನಿಜವೋ, ಗೊತ್ತಿಲ್ಲ. ಮಂಚದಿಂದ ಬಾಗಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಡಾಕ್ಟರು ಅಷ್ಟು ನಡೆಯುವ ಹೊತ್ತೂ ನಾನು ನನ್ನ ಮಾನದ ಬಗ್ಗೆ ಯೋಚಿಸುತ್ತಿದ್ದೆ. ಅದು ಮಾತ್ರ ಗೊತ್ತು.

ಮಾಸ್ಕ್ ತೆಗೆದ ದಿನ ಅಕ್ಕನ ಮೊದಲ ಮಾತು: "ಫ್ಲಾಸ್ಕಿನ ವಿಷ್ಯ ಹೇಳಿಬಿಟ್ಯಂತೆ. ಚಿಕ್ಕಂದಿನಿಂದ್ಲೂ ಚಾಡಿಕೋರನೇ ನೀನು."

ಆಮೇಲೆ ನೀರು ಕೇಳಿದಳು. ನಾನು ನರ್ಸನ್ನು ಕರೆದೆ.