ಇಪ್ಪತ್ತನೇ ಸಾಲಿನ ಪಾಲು

ನಮ್ಮ ದೊಡ್ಡಮ್ಮನ ಎಡಗೈ ಹೆಬ್ಬೆರಳಲ್ಲಿ ಗೆರೆಗಳೇ ಇಲ್ಲ. ಮೂವತ್ತೊಂದು ವರ್ಷ ಫಿಲ್ಮಿನ ಅಂಚನ್ನು ಸವರಿ, ಎಲ್ಲಿ ಹರಿದಿದೆ ಎಂದು ಬೆರಳಲ್ಲೇ ಹುಡುಕಿ, ಅವು ಸವೆದುಹೋಗಿವೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರ ಆ ಬೆರಳನ್ನು ಒಪ್ಪಲಿಲ್ಲವಂತೆ. ಬೇರೆ ಬೆರಳು ಇಡಿ ಎಂದವರಿಗೆ ಇವಳು, "ಬೇರೆಯವೆಲ್ಲ ಕೂತು ತಿಂದ ಬೆರಳು. ದುಡಿದದ್ದು ಇದು. ಬೇಕಿದ್ರೆ ಇದನ್ನೇ ತಗೊಳ್ಳಿ" ಎಂದಳಂತೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಊರಿಗೆಲ್ಲ ಆಪರೇಟರಮ್ಮ. ಬಸ್ ನಿಲ್ದಾಣದ ಹಿಂದಿನ ಬೀದಿಯ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಾಳೆ. ಅವಳಿಗಿಂತ ಮೊದಲು ಅಲ್ಲಿಯ ಪ್ರೊಜೆಕ್ಟರ್ ಬೂತಿನಲ್ಲಿ ತಾತ ಇದ್ದರು. ತಾತನಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದ ಹುಡುಗಿ, ಅವರು ಊಟ ಮುಗಿಸುವಷ್ಟರಲ್ಲಿ ಮುಂದಿನ ರೀಲು ಏರಿಸುವುದನ್ನು ಕಲಿತಳು. ತಾತನ ಕಣ್ಣು ಮಂಜಾದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ಇವಳು ಮಾಡುತ್ತಿದ್ದಳು. ಒಂದು ದಿನ ಸ್ಟೂಲು ಖಾಲಿಯಾಯಿತು. ಮಾಲೀಕರು ಬೇರೆ ಯಾರನ್ನೂ ಹುಡುಕಲಿಲ್ಲ.

ಬೇರೆ ಟಾಕೀಸುಗಳೆಲ್ಲ ರೀಲು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಮಾಲೀಕರ ಬಳಿ ಮಾತ್ರ ಒಂದು ಗೋದಾಮಿನ ತುಂಬ ಹಳೆಯ ಪ್ರಿಂಟುಗಳಿವೆ. ಅವನ್ನು ನೋಡಲೆಂದೇ ಬರುವ ಜನರೂ ಇದ್ದಾರೆ. ಮ್ಯಾಟಿನಿಗೆ ಐವತ್ತು, ಅರವತ್ತು ಮಂದಿ. ನಿವೃತ್ತರು, ಪಾಳಿ ಮುಗಿಸಿದ ನರ್ಸುಗಳು, ಎರಡು ಗಂಟೆ ಯಾರ ಕೈಗೂ ಸಿಗಬಾರದು ಎಂದು ಬರುವ ಗೃಹಿಣಿಯರು.

ದೊಡ್ಡಮ್ಮನ ವಿದ್ಯೆಯನ್ನು ನಾನು ಬೂತಿನ ಬಾಗಿಲಲ್ಲಿ ನಿಂತು ನೋಡಿ ಅರ್ಥ ಮಾಡಿಕೊಂಡದ್ದು. ಪ್ರೊಜೆಕ್ಟರಿನಲ್ಲಿ ಚಿತ್ರಕ್ಕೆ ಬೆಳಕು ಬೀಳುವ ಕಿಂಡಿ ಮೇಲಿದೆ, ಶಬ್ದವನ್ನು ಓದುವ ಜಾಗ ಕೆಳಗಿದೆ. ಚಿತ್ರ ನಿಂತು ನಿಂತು ಸಾಗಬೇಕು, ಶಬ್ದ ನಿಲ್ಲದೆ ಹರಿಯಬೇಕು. ಇಬ್ಬರಿಗೂ ಜಗಳ ಆಗದಿರಲಿ ಎಂದು ನಡುವೆ ಫಿಲ್ಮನ್ನು ಸಡಿಲವಾಗಿ ಬಾಗಿಸಿ ಬಿಡುತ್ತಾರೆ. ಆ ಬಾಗಿಗೆ ಲೂಪು ಎನ್ನುತ್ತಾರೆ. ಲೂಪು ದೊಡ್ಡದಾದರೆ ಮಾತು ತಡ, ಚಿಕ್ಕದಾದರೆ ಮಾತು ಮುಂಚೆ. ಅಳತೆಯೆಲ್ಲ ಫಿಲ್ಮಿನ ಅಂಚಿನುದ್ದಕ್ಕೂ ಇರುವ ತೂತುಗಳಲ್ಲಿ; ದೊಡ್ಡಮ್ಮ ಅವನ್ನು ಎಣಿಸುವುದಿಲ್ಲ. ಕೈ ಹೋಗುತ್ತದೆ, ಫಿಲ್ಮು ಬಾಗುತ್ತದೆ, ಟಪ್ಪೆಂದು ಮುಚ್ಚಳ ಬೀಳುತ್ತದೆ. ಜಡೆ ಹೆಣೆಯುವವಳು ಎಳೆ ಎಣಿಸದ ಹಾಗೆ.

ಕಳೆದ ವರ್ಷ ಟಾಕೀಸಿನ ಗೋಡೆಗೆ ಗೋಡೆ ಅಂಟಿಕೊಂಡು ಎಳೆಮಕ್ಕಳ ಆಸ್ಪತ್ರೆ ಬಂತು. ನಮ್ಮದು ತಗಡಿನ ಮಾಡು, ಪಕ್ಕದ ಗೋಡೆಗಳು ಅರ್ಧಕ್ಕೇ ನಿಂತಿವೆ, ಮೇಲರ್ಧಕ್ಕೆ ಬರೀ ಕಪ್ಪು ಬಟ್ಟೆ. ಸಿನಿಮಾದಲ್ಲಿ ಯಾರು ಸೀನಿದರೂ ಬೀದಿಗೆ ಗೊತ್ತಾಗುತ್ತದೆ. ಒಂದು ದಿನ ಅಲ್ಲಿಯ ಡಾಕ್ಟರು ತಾವೇ ಬಂದರು. ಜೋರು ಮಾಡಲಿಲ್ಲ. "ಅಂಗೈಯಷ್ಟಗಲದ ಮಕ್ಕಳಿದ್ದಾವೆ ಅಮ್ಮಾ. ನಿದ್ದೆ ಮಾಡಿದ್ರೆ ಮಾತ್ರ ತೂಕ ಬರುತ್ತೆ" ಎಂದರು. ಆಮೇಲೆ ಪುರಸಭೆಯ ಕಚೇರಿಯಿಂದ ಕಾಗದವೂ ಬಂತು: ಬರುವ ತಿಂಗಳಿನಿಂದ ಧ್ವನಿವರ್ಧಕ ಬಳಸುವಂತಿಲ್ಲ.

"ಬೈಯೋಣ ಅಂದ್ರೆ ಯಾರನ್ನ ಬೈಯೋದು?" ಎಂದಳು ದೊಡ್ಡಮ್ಮ. ಎರಡು ದಿನ ಅವಳು ಮಾಡಿದ ಅಡುಗೆಗೆ ಉಪ್ಪೇ ಇರಲಿಲ್ಲ. ದೊಡ್ಡಪ್ಪ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವರು, ಬಾಯಿ ಸುಮ್ಮನಿರುವ ಜಾತಿಯಲ್ಲ. ಅವರೂ ಉಪ್ಪು ಕೇಳದೆ ಉಂಡರು.

ಪೀಠೋಪಕರಣದ ವ್ಯಾಪಾರಿಯೊಬ್ಬ ಆಗಲೇ ಅಂಗಡಿಗೆಂದು ಟಾಕೀಸಿನ ಹಾಲಿನ ಉದ್ದಗಲ ಅಳೆದುಕೊಂಡು ಹೋಗಿದ್ದ. ಮಾಲೀಕರಿಗೂ ಮಾರಲು ಮನಸ್ಸಿರಲಿಲ್ಲ. ಅವರೇ ಎಲ್ಲೋ ವಿಚಾರಿಸಿ ಬಂದು ಹೇಳಿದರು: "ವೈರಿಲ್ಲದ ಹೆಡ್‌ಫೋನು. ಪ್ರತಿಯೊಬ್ಬರ ಕಿವಿಗೂ ಒಂದೊಂದು. ಹಾಲಿನಲ್ಲಿ ಗುಂಡುಸೂಜಿ ಬಿದ್ದರೂ ಕೇಳಿಸಬೇಕು, ಆದ್ರೆ ಸಿನಿಮಾ ಓಡ್ತಿರಬೇಕು. ಅರವತ್ತು ಸೆಟ್ಟು ತರಿಸ್ತೀನಿ. ಒಂದೇ ಒಂದು ಮ್ಯಾಟಿನಿ. ಜನ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಅವತ್ತೇ ಸಂಜೆ ಬೀಗದ ಕೈ ಅವನಿಗೆ."

ಆ ಮ್ಯಾಟಿನಿಯ ದಿನ ನಾನು ಕಾಲೇಜಿಗೆ ಹೋಗಲಿಲ್ಲ.

ಹನ್ನೊಂದಕ್ಕೆ ವ್ಯಾನು ಬಂತು. ಇಂಜಿನಿಯರು ಇಳಿದರು; ಸುಮಾರು ನಲವತ್ತರ ಹೆಂಗಸು, ಪ್ಯಾಂಟಿನ ಜೇಬಿನಲ್ಲಿ ಸ್ಕ್ರೂಡ್ರೈವರು, ಕೂದಲಿಗೆ ಸಿಕ್ಕಿಸಿದ ಪೆನ್ನು. ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಂಡಸರನ್ನ ಕಳಿಸ್ತಾರೆ ಅಂದ್ಕೊಂಡಿದ್ದೆ" ಎಂದಳು. "ನಾನೂ ಆಪರೇಟರು ಗಂಡಸೇ ಇರ್ತಾರೆ ಅಂದ್ಕೊಂಡಿದ್ದೆ" ಎಂದರು ಅವರು. ಇಬ್ಬರೂ ನಕ್ಕರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ.

ಬೂತಿನ ಆಂಪ್ಲಿಫೈಯರಿಗೆ ಅವರು ಉಪ್ಪಿನ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆ ಜೋಡಿಸಿದರು. ಅದರ ಮೇಲೆ ಬೆರಳಷ್ಟುದ್ದದ ಎರಡು ಕಡ್ಡಿ. "ಅಗ್ಗದ ಸಾಮಾನು ಶಬ್ದವನ್ನ ಮುದುರಿ ಕಳಿಸುತ್ತೆ. ಆ ಕಡೆ ಬಿಚ್ಚಿದಾಗ ಸುಕ್ಕು ಸುಕ್ಕು. ಇದು ಹಾಗಲ್ಲ. ಇಸ್ತ್ರಿ ಬಟ್ಟೆಯನ್ನ ಇಸ್ತ್ರಿ ಕೆಡದ ಹಾಗೆ ತಲುಪಿಸುತ್ತೆ. ಅದೂ ಕಣ್ಣು ಮಿಟುಕಿಸೋದಕ್ಕಿಂತ ಬೇಗ."

ಬೂತಿಗೆಂದೇ ಬೇರೆಯಾಗಿ ತಂದಿದ್ದ ಎರಡು ಹೆಡ್‌ಫೋನುಗಳಲ್ಲಿ ಒಂದನ್ನು ದೊಡ್ಡಮ್ಮ ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ತೂಕ ನೋಡಿ, ಕಿವಿಗೆ ಹಾಕಿಕೊಂಡಳು. ಪರೀಕ್ಷೆಗೆಂದು ಒಂದು ತುಂಡು ಓಡಿಸಿದರು. ಗಂಡ ಹೆಂಡತಿ ಜಗಳವಾಡುವ ಹಳೆಯ ಹಾಸ್ಯಚಿತ್ರ. ಅವಳು ಅದನ್ನು ಕಡಿಮೆಯೆಂದರೂ ಮುನ್ನೂರು ಸಲ ಓಡಿಸಿರಬೇಕು. ಯಂತ್ರದ ಕಟಕಟದ ನಡುವೆ, ಬೂತಿನ ಮೂಲೆಯ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಿದ್ದಳು.

ಅವಳ ಮುಖ ನಾನು ನೋಡುತ್ತಿದ್ದಂತೆಯೇ ತೆರೆದುಕೊಂಡಿತು.

"ಅಯ್ಯೋ! ಇವಳು ಬೈಯೋ ಮುಂಚೆ ಉಸಿರು ಎಳ್ಕೊಳ್ತಾಳೆ ಕಣೇ! ಬಳೆ ಸದ್ದು ಮಾಡುತ್ತೆ! ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ತಿದೆ... ಇದೆಲ್ಲ ಎಲ್ಲಿತ್ತಮ್ಮ?"

"ಪ್ರಿಂಟಿನಲ್ಲೇ ಇತ್ತು" ಎಂದರು ಇಂಜಿನಿಯರು.

"ಮೂವತ್ತೊಂದು ವರ್ಷ ನನ್ನ ಕೈಯಲ್ಲೇ ಇದ್ದು ನನಗೇ ಹೇಳಿಲ್ಲ ನೋಡು!"

ನನಗೂ ಒಂದು ಹಾಕಿದಳು. ಶಬ್ದ ಹೊರಗಿನಿಂದ ಬಂದಂತೆ ಅನ್ನಿಸಲಿಲ್ಲ. ಯಾರೋ ನನ್ನ ಹಿಂದೆಯೇ ಕೂತು, ತಲೆಯ ಮೇಲೆ ಕೈಯಿಟ್ಟು ಮಾತಾಡಿದಂತಿತ್ತು. ನಾನು ತಿರುಗಿಯೂ ನೋಡಿದೆ. ಎಲ್ಲವೂ ಸರಿಯಾಗಿದೆ ಎಂದು ದೊಡ್ಡಮ್ಮ ತಲೆಯಾಡಿಸಿದಳು. ಇಂಜಿನಿಯರು ಹೆಡ್‌ಫೋನು ಹಂಚಲು ಕೆಳಗೆ ಓಡಿದರು.

ಎರಡೂವರೆಗೆ ಆಟ ಶುರುವಾಯಿತು. ಅರವತ್ತೂ ಹೆಡ್‌ಫೋನು ಜನರ ಕಿವಿ ಸೇರಿದ್ದವು. ದೊಡ್ಡ ಸ್ಪೀಕರುಗಳು ಬಾಯಿ ಮುಚ್ಚಿಕೊಂಡಿದ್ದವು. ಬೂತಿನ ಗೋಡೆಯ ಕಿಂಡಿಯಿಂದ ನೋಡಿದರೆ ಕತ್ತಲಲ್ಲಿ ಅರವತ್ತು ತಲೆ, ಒಂದೊಂದರ ಪಕ್ಕದಲ್ಲೂ ಸಣ್ಣ ನೀಲಿ ದೀಪ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

ಐದು ನಿಮಿಷವಾಯಿತು. ನಗುವ ಜಾಗ ಬಂತು. ಯಾರೂ ನಗಲಿಲ್ಲ.

ತಲೆಗಳು ಅಕ್ಕಪಕ್ಕ ತಿರುಗಿದವು. ಒಬ್ಬರು ಹೆಡ್‌ಫೋನು ತೆಗೆದು ಅಲ್ಲಾಡಿಸಿ ಮತ್ತೆ ಹಾಕಿಕೊಂಡರು. ಇನ್ನೊಬ್ಬರು ತೆಗೆದವರು ಹಾಕಿಕೊಳ್ಳಲೇ ಇಲ್ಲ. ದೊಡ್ಡಪ್ಪ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು.

"ಏನೇ ಇದು? ಮಾತು ಮೊದಲು ಬರ್ತಿದೆ, ಬಾಯಿ ಆಮೇಲೆ ಅಲ್ಲಾಡ್ತಿದೆ! ಆ ಹೆಂಗಸು ಬಾಯಿ ತೆರೆಯೋ ಮುಂಚೆಯೇ ಬೈಗುಳ ಬಂದಾಯ್ತು. ನಮ್ಮನೇಲಿ ಅದು ಮಾಮೂಲು, ಸಿನಿಮಾದಲ್ಲಿ ನಡೆಯಲ್ಲ!"

"ನಿಮ್ಮ ತಲೆ! ನನಗೆ ಸರಿಯಾಗೇ ಕಾಣಿಸ್ತಿದೆ" ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ಮಾಲೀಕರೂ ಬಂದರು. ಅವರ ದನಿ ಮೆತ್ತಗಿತ್ತು, ಅದಕ್ಕೇ ನನಗೆ ಭಯವಾಯಿತು. "ಮಧ್ಯದಲ್ಲಿ ನಿಲ್ಲಿಸೋದು ಬೇಡ ಆಪರೇಟರಮ್ಮ. ಈ ರೀಲು ಮುಗೀಲಿ, ಮುಂದಿನದನ್ನ ಸ್ವಲ್ಪ ನೋಡ್ತೀನಿ. ಆಗಲೂ ಹೀಗೇ ಇದ್ರೆ ಲೈಟು ಹಾಕಿಸ್ತೀನಿ." ಇಳಿದು ಹೋದರು.

ರೀಲು ಮುಗಿಯಲು ಹನ್ನೊಂದು ನಿಮಿಷವಿತ್ತು.

ಇಂಜಿನಿಯರು ಬಂದವರೇ ಪೆಟ್ಟಿಗೆಯನ್ನು ನೋಡಲೂ ಇಲ್ಲ. "ಅಮ್ಮಾ, ವೈರ್‌ಲೆಸ್ಸು ಶಬ್ದವನ್ನ ತಡ ಮಾಡಬಹುದು. ಮುಂಚೆ ಹೇಗೆ ಮಾಡುತ್ತೆ? ಆಡದ ಮಾತನ್ನ ಯಾವ ಮೆಷಿನ್ನೂ ಕಳಿಸೋಕಾಗಲ್ಲ. ಇಲ್ಲೇ ಯಾರೋ ಮುಂಚೆ ಕೊಡ್ತಿದ್ದಾರೆ."

"ಯಾರು ಕೊಡ್ತಾರೆ? ಇಲ್ಲಿರೋದು ನಾನು" ಎಂದು ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಈ ಮೆಷಿನ್ನಿಗೆ ನಿಮಗಿಂತ ಜಾಸ್ತಿ ವಯಸ್ಸಾಗಿದೆ. ಅದರ ಮೇಲೆ ಬೆರಳು ತೋರಿಸ್ಬೇಡಿ."

ಇಂಜಿನಿಯರು ಮೂಲೆಯ ಪುಟ್ಟ ಸ್ಪೀಕರಿಗೆ ಕಿವಿಗೊಟ್ಟು, ಕಿಂಡಿಯಿಂದ ಪರದೆ ನೋಡಿದರು. ಮತ್ತೆ ಕೇಳಿದರು, ಮತ್ತೆ ನೋಡಿದರು. "ಇಲ್ಲಿ ಬನ್ನಿ. ಇದಕ್ಕೆ ವೈರಿದೆ ತಾನೇ? ಇದರಲ್ಲೂ ಮಾತು ಮುಂಚೆಯೇ ಬರ್ತಿದೆ."

"ಬೂತಿನಲ್ಲಿ ಯಾವಾಗಲೂ ಹಾಗೇ ಬರೋದು" ಎಂದಳು ದೊಡ್ಡಮ್ಮ ತೀರಾ ಸಹಜವಾಗಿ. ಹೇಳಿ ಮುಗಿಸಿದವಳ ಬಾಯಿ ಹಾಗೇ ತೆರೆದುಕೊಂಡು ನಿಂತಿತು.

ಅವಳು ಓಡುತ್ತಿದ್ದ ಯಂತ್ರದ ಲೂಪಿನತ್ತ ತಿರುಗಿದಳು.

"ಎಂಟು ತೂತು" ಎಂದಳು. "ಅಪ್ಪ ಯಾವಾಗಲೂ ಲೂಪನ್ನ ಎಂಟು ತೂತು ಬಿಗಿ ಮಾಡ್ತಿದ್ದ. ಕಂಪನಿಯವರು ಹಾಕಿದ ಗುರುತಿಗಿಂತ ಎಂಟು ಕಮ್ಮಿ. ಯಾಕಪ್ಪಾ ಅಂದ್ರೆ, ಅದು ಇಪ್ಪತ್ತನೇ ಸಾಲಿನ ಪಾಲು ಮಗಾ, ಮುಟ್ಟಬೇಡ ಅಂತಿದ್ದ. ಏನೋ ಅವನ ನಂಬಿಕೆ ಅಂತ ನಾನೂ ಹಾಗೇ ಮಾಡ್ಕೊಂಡು ಬಂದೆ."

ಇಂಜಿನಿಯರು ಕೂದಲಿನಿಂದ ಪೆನ್ನು ಕಿತ್ತು ಅಂಗೈ ಮೇಲೆ ಬರೆಯತೊಡಗಿದರು. "ನಾಲ್ಕು ತೂತಿಗೆ ಒಂದು ಚಿತ್ರ. ಎಂಟಕ್ಕೆ ಎರಡು. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಅಂದ್ರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಇಪ್ಪತ್ತೆಂಟು ಮೀಟರ್ ಹೋಗುತ್ತೆ. ಪರದೆಯಿಂದ ಇಪ್ಪತ್ತನೇ ಸಾಲಿಗೆ ಎಷ್ಟಿದೆ?"

"ಮೂವತ್ತು ಹೆಜ್ಜೆ ಮೇಲೆ" ಎಂದೆ ನಾನು. ಗುಡಿಸುವವರು ಬಾರದ ದಿನ ಗುಡಿಸಿದವಳಿಗೆ ಗೊತ್ತಿರುತ್ತದೆ.

ಇಂಜಿನಿಯರು ದೊಡ್ಡಮ್ಮನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. "ನಿಮ್ಮಪ್ಪ ಶಬ್ದಕ್ಕೆ ನಡೆದು ಹೋಗೋ ಟೈಮು ಕೊಟ್ಟಿದ್ದಾರೆ! ಪರದೆ ಹತ್ರದಿಂದ ಹೊರಟ ಮಾತು ಇಪ್ಪತ್ತನೇ ಸಾಲಿಗೆ ಮುಟ್ಟೋದು ತಡ ಆಗುತ್ತೆ ಅಂತ ಅಷ್ಟು ಮುಂಚೆ ಹೊರಡಿಸಿದ್ದಾರೆ. ಈಗ ನಡಿಗೆಯೇ ಇಲ್ವಲ್ಲಮ್ಮ. ಮಾತು ನೇರ ಕಿವಿಯಲ್ಲೇ ಹುಟ್ಟುತ್ತೆ!"

ತಾತ ಓದಿದ್ದು ನಾಲ್ಕನೇ ಕ್ಲಾಸು. ಎಲ್ಲಿ ಕೂತು, ಎಷ್ಟು ಸಲ ಕೇಳಿ, ಅವರು ಆ ಎಂಟನ್ನು ಕಂಡುಕೊಂಡರೋ. ದೊಡ್ಡಮ್ಮ ಮಾತ್ರ ಆಗಲೇ ಎರಡನೇ ಯಂತ್ರದ ಮುಂದೆ ನಿಂತಿದ್ದಳು.

ಬೂತಿನಲ್ಲಿ ಯಂತ್ರ ಎರಡು. ಒಂದರ ರೀಲು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಹೊರಡಿಸಬೇಕು, ನೋಡುವವರಿಗೆ ಗೊತ್ತೇ ಆಗಬಾರದು. ಎರಡನೇ ರೀಲು ಅಲ್ಲಿ ಸಿದ್ಧವಾಗಿತ್ತು, ಅದೇ ಬಿಗಿ ಲೂಪಿನಲ್ಲಿ. ಅವಳು ಮುಚ್ಚಳ ತೆಗೆದು ಫಿಲ್ಮು ಬಿಚ್ಚಿದಳು. ಮತ್ತೆ ಏರಿಸಿದಳು. ಕೈ ತಾನಾಗಿ ಹಳೆಯ ಜಾಗಕ್ಕೇ ಹೋಯಿತು. ಬಿಚ್ಚಿದಳು. ಮತ್ತೊಮ್ಮೆ ಏರಿಸಿದಳು. ಮತ್ತೆ ಅದೇ.

"ಥೂ, ಈ ಕೈ! ಹೇಳಿದ ಮಾತು ಕೇಳಲ್ಲ!"

"ನಾಲ್ಕು ನಿಮಿಷ" ಎಂದೆ.

"ನೀನು ಗಡಿಯಾರ ಓದಬೇಡ, ತೂತು ಎಣಿಸು!"

ಟಾರ್ಚು ಹಿಡಿದು ನಾನು ಎಣಿಸಿದೆ. ಅವಳು ಕಣ್ಣು ಮುಚ್ಚಿ, ಆ ಗೆರೆಯಿಲ್ಲದ ಬೆರಳಿನಿಂದ ಒಂದೊಂದೇ ತೂತನ್ನು ಹಲ್ಲುಚಕ್ರದ ಮೇಲೆ ಜಾರಿಸಿದಳು. ಐದು. ಆರು. ಏಳು. ಎಂಟು. ಲೂಪು ಇಳಿಬಿದ್ದು ಸೋಮಾರಿಯಂತೆ ತೂಗಿತು. ಅವಳಿಗೆ ಅದನ್ನು ನೋಡಲೂ ಆಗಲಿಲ್ಲ. "ಅಸಹ್ಯವಾಗಿದೆ" ಎಂದು ಗೊಣಗಿ ಮುಚ್ಚಳ ಹಾಕಿದಳು.

ಪರದೆಯ ಮೂಲೆಯಲ್ಲಿ, ರೀಲು ಮುಗಿಯುತ್ತಿದೆ ಎಂದು ಹೇಳುವ ಮೊದಲ ಕಪ್ಪು ಚುಕ್ಕೆ ಮಿಂಚಿತು. ಅವಳು ಮೋಟಾರು ಒತ್ತಿದಳು. ಎರಡನೆಯ ಚುಕ್ಕೆಗೆ ಕೈ ಬದಲಾಯಿಸಿದಳು. ಬೆಳಕು ಆ ಯಂತ್ರದಿಂದ ಈ ಯಂತ್ರಕ್ಕೆ ದಾಟಿತು.

ಹೊಸ ರೀಲಿನಲ್ಲಿ ಮೊದಲು ಬರುವುದು ಅಡುಗೆಮನೆ. ಹೆಂಡತಿ ತಟ್ಟೆ ಎತ್ತುತ್ತಾಳೆ, ಗಂಡ ಬಾಗಿಲಲ್ಲಿ ನಿಂತು ಏನೂ ಗೊತ್ತಿಲ್ಲದವನಂತೆ ಸೀಟಿ ಹೊಡೆಯುತ್ತಾನೆ. ಅವಳು ತಟ್ಟೆ ಬಿಡುತ್ತಾಳೆ.

ತಟ್ಟೆ ನೆಲ ಮುಟ್ಟಿದ ಕ್ಷಣಕ್ಕೇ ಸದ್ದು ಬಂತು. ಠಣ್!

ಕೆಳಗೆ ಹೆಡ್‌ಫೋನು ಹಾಕಿದ್ದವರೆಲ್ಲ ಒಟ್ಟಿಗೆ ಬೆಚ್ಚಿದರು. ಆಮೇಲೆ ಒಟ್ಟಿಗೇ ನಕ್ಕರು. ಹೆಡ್‌ಫೋನು ತೆಗೆದವರು ತಡಕಾಡಿ ಹಾಕಿಕೊಂಡರು. ನಾನು ನನ್ನದನ್ನು ತೆಗೆದು ಕೇಳಿದೆ: ಮಾತಿಲ್ಲ, ಸಂಗೀತವಿಲ್ಲ, ಕತ್ತಲ ಹಾಲಿನಲ್ಲಿ ಬರೀ ನಗು, ತಗಡಿನ ಮಾಡಿಗೂ ಮುಟ್ಟದಷ್ಟು. ಆಸ್ಪತ್ರೆಯ ಕಡೆಯಿಂದ ಯಾವ ಕಿಟಕಿಯೂ ಮುಚ್ಚಿಕೊಳ್ಳಲಿಲ್ಲ.

ಇಂಜಿನಿಯರು ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟರು. ದೊಡ್ಡಮ್ಮ ಮೊದಲ ಯಂತ್ರಕ್ಕೆ ಮೂರನೇ ರೀಲು ಏರಿಸುತ್ತ, ಬಾಯಲ್ಲಿ ಒಂದು ಎರಡು ಎಂದು ಎಣಿಸುತ್ತ, ಕೈಯನ್ನು ಗದರಿಸುತ್ತ ನಿಂತಿದ್ದಳು. ಕಿವಿಯ ಮೇಲೆ ಹೆಡ್‌ಫೋನು ಇತ್ತು, ಅದು ಇದೆ ಎನ್ನುವುದು ಅವಳಿಗೆ ಮರೆತಿತ್ತು.

ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಎರಡು ಯಂತ್ರಗಳನ್ನೂ, ಅವಳನ್ನೂ ನೋಡಿದರು. "ಈ ಅರವತ್ತು ಇಲ್ಲೇ ಇರಲಿ. ಇನ್ನೂ ನೂರು ತರಿಸ್ತೀನಿ" ಎಂದರು. ಇಂಜಿನಿಯರು ಎದ್ದು ಅವರ ಕೈ ಕುಲುಕಿದರು.

ದೊಡ್ಡಮ್ಮನಿಗೆ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. "ಏನಂದ್ರೀ?" ಎಂದು ಕೂಗಿದಳು. ಮಾಲೀಕರು ಬೆರಳಲ್ಲಿ ಒಂದು, ಸೊನ್ನೆ, ಸೊನ್ನೆ ಬರೆದು ತೋರಿಸಿ, ಕೈಯನ್ನು ಕಿವಿಗೆ ಹಿಡಿದರು.

"ನೂರಾ?" ದೊಡ್ಡಮ್ಮನ ದನಿ ಬೂತಿನ ಕಿಂಡಿಯಿಂದ ಹಾರಿ, ಹಾಲು ದಾಟಿ, ಬೀದಿಗೆ ಬಿತ್ತು. "ಇನ್ನೂ ನೂರಾ?"

ಕೆಳಗಿನಿಂದ ದೊಡ್ಡಪ್ಪ ಕಿಂಡಿಯತ್ತ ಮುಖವೆತ್ತಿ, ಎರಡೂ ಕೈ ಬಾಯಿಗೆ ಹಿಡಿದು ಪಿಸುಗುಟ್ಟಿದರು:

"ಮೆಲ್ಲಗೆ ಕಣೇ! ನಿನ್ನ ಗಂಟಲಿಗೇ ಬೇರೆ ಒಂದು ಕಾಗದ ಬರುತ್ತೆ!"