ಪೆಟ್ಟಿಗೆಗೆ ಬಂದ ಚಳಿಜ್ವರ

ನಮ್ಮ ಅಕ್ಕ ಈಗಲೂ ಮದುವೆಗಳಲ್ಲಿ ಒಂದು ಹಾಡು ಹಾಡುತ್ತಾಳೆ. ಅದರಲ್ಲಿ ಬರುವ ತಮ್ಮ ನಾನೇ. ಆ ಹಾಡು ಹುಟ್ಟಲು ಕಾರಣವಾದ ಕೆಲಸವನ್ನು ಇಲ್ಲಿ ಬರೆದಿಡುತ್ತೇನೆ. ಬರೆಯುವಾಗ ನಾಚಿಕೆಯೂ ಆಗುತ್ತದೆ, ನಗೆಯೂ ಬರುತ್ತದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಶಿಗ್ಗಾಂವಿಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮಾಲೀಕರು ಮುಂಬಯಿಯಿಂದ ಹಳೆಯದೊಂದು ಡಿಜಿಟಲ್ ಸಿಂಥಸೈಜರ್ ತಂದಿದ್ದರು. ಅದರೊಳಗೆ ಫ್ಲ್ಯಾಂಜರ್ ಎಂಬ ಸೌಲಭ್ಯವಿತ್ತು. ಒಂದೇ ನಾದವನ್ನು ಎರಡಾಗಿ ಸೀಳಿ, ಒಂದನ್ನು ಕೂದಲೆಳೆಯಷ್ಟು ತಡಮಾಡಿ, ಆ ತಡವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಮತ್ತೆ ಕೂಡಿಸುವುದು ಅದರ ಕೆಲಸ. ಆ ಹಿಗ್ಗು-ಕುಗ್ಗಿನ ವೇಗವಾದ ರೇಟ್ ಕಡಿಮೆ ಇಟ್ಟರೆ ಹೈವೇ ಬಸ್ಸು ದೂರದಿಂದ ಬಂದು ಹಾದುಹೋದಂತೆ ಕೇಳುತ್ತಿತ್ತು. ರೇಟ್ ಏರಿಸಿ, ಎಷ್ಟು ಹಿಗ್ಗಬೇಕೆಂಬ ಡೆಪ್ತ್ ತುಂಬ ಕೊಟ್ಟರೆ ಸ್ವರವೇ ಕುಡಿದವನಂತೆ ತೂಗಾಡುತ್ತಿತ್ತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಿವಿಯಿಂದಲೇ ಎಲ್ಲ ಕಲಿತೆ.

ಅದೇ ಸುಮಾರಿಗೆ ಅಕ್ಕನ ಮಗಳ ಮದುವೆ ಸವಣೂರಿನಲ್ಲಿ ಗೊತ್ತಾಯಿತು. ಗಂಡಿನವರು ಹಿರೇಕೆರೂರಿನವರು. ಗಂಡಿನ ಸೋದರತ್ತೆ ಬೀಗರ ಹಾಡಿಗೆ ಹೆಸರಾದವಳು. ಊಟದ ಪಂಕ್ತಿಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರನ್ನು ಹಾಡಿನಲ್ಲೇ ಕಿಚಾಯಿಸಬೇಕು, ಅವರು ಹಾಡಿನಲ್ಲೇ ಉತ್ತರ ಕೊಡಬೇಕು. ನಿಶ್ಚಯದ ದಿನ ಆಕೆ ಅಕ್ಕನ ಸಾರಿನ ಮೇಲೆ ಹಾಡು ಕಟ್ಟಿದಾಗ ಅಕ್ಕ ಉತ್ತರ ಕೊಡಲು ಎದ್ದಳು. ಒಂದು ಸಾಲೂ ಹೊರಡಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಮದುವ್ಯಾಗೂ ಹಂಗ ಆತಂದ್ರ?" ಅಂದಳು ಅಕ್ಕ, ಬಸ್ಸಿನಲ್ಲಿ. "ಬಾಯಿಲ್ಲದಾಕಿ ಮಗಳು ಅಂತಾರ. ನನ್ನ ಕೂಸು ಆ ಮನ್ಯಾಗ ಹೆಂಗ ತಲಿ ಎತ್ತಬೇಕೊ ತಮ್ಮಾ?"

"ನೀ ಸುಮ್ನ ಹಾಡು. ಶ್ರುತಿ ನಾ ಕೊಡ್ತೇನಿ," ಅಂದೆ.

ಆಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಪಂಕ್ತಿಯಲ್ಲಿ ಎರಡೂ ಕಡೆಗೆ ಶ್ರುತಿ ಕೊಡುವವನು ನಾನೇ ತಾನೇ. ಮಾಲೀಕರನ್ನು ಕೇಳಿ ಸಿಂಥಸೈಜರನ್ನು ಮನೆಗೆ ತಂದು ಎರಡು ಶ್ರುತಿ ಸಿದ್ಧಮಾಡಿ ಅಕ್ಕಪಕ್ಕದ ಗುಂಡಿಗಳಲ್ಲಿ ಕೂಡಿಸಿದೆ. ಒಂದು ಫ್ಲ್ಯಾಂಜರ್ ಇಲ್ಲದ ನೆಟ್ಟಗಿನ ಶ್ರುತಿ, ನಮ್ಮ ಕಡೆಗೆ. ಇನ್ನೊಂದು ತೂಗಾಡುವ ಶ್ರುತಿ, ಬೀಗರ ಕಡೆಗೆ. ಡೆಪ್ತನ್ನು ಬಹಳ ಏರಿಸಿದರೆ ಮೋಸ ಬಯಲಾದೀತು, ಕಡಿಮೆ ಮಾಡಿದರೆ ಹಾಡುವವರು ತಪ್ಪುವುದಿಲ್ಲ. ಅದನ್ನು ಹದಕ್ಕೆ ತರುವುದರಲ್ಲಿ ಒಂದು ಸಂಜೆ ಕಳೆಯಿತು. ಕೊನೆಗೆ ನಾನೇ ಅದರೊಡನೆ ಹಾಡಿ ನೋಡಿದೆ. ಎರಡನೆಯ ಸಾಲಿಗೇ ಜಾರಿದೆ. ಬಹಳ ಸಂತೋಷವಾಯಿತು.

ಮದುವೆಯ ದಿನ ಹೋಳಿಗೆ, ಸವಣೂರಿನ ಖಾರದ ತಿಂಡಿ ಎಲ್ಲ ಎಲೆಗೆ ಬಿದ್ದ ಮೇಲೆ ಗಂಡಿನ ಸೋದರತ್ತೆ ಎದ್ದು ನಿಂತಳು. ನಾನು ತೂಗಾಡುವ ಗುಂಡಿ ಒತ್ತಿದೆ. ಆಕೆಯ ಮೊದಲ ಸಾಲು ಸ್ವಲ್ಪ ಓಲಾಡಿತು. ಎರಡನೆಯದು ಜಾರಿತು. ಆಕೆ ನಿಲ್ಲಿಸಿ ನನ್ನ ಕೀಬೋರ್ಡಿನ ಪೆಟ್ಟಿಗೆಯ ಕಡೆ ಕಿವಿಗೊಟ್ಟಳು. ಆಮೇಲೆ ನಗುತ್ತ, ಶ್ರುತಿಯ ಜೊತೆಗೆ ಬೇಕೆಂದೇ ಧ್ವನಿ ನಡುಗಿಸುತ್ತ ಹಾಡಿದಳು:

"ಪೆಟ್ಟಿಗ್ಯಾಗ ಯಾರ ಕುಂತಾರ, ಹಲ್ಲ ಕಟಕಟ ಅಂತಾವ,
ಬೀಗರ ಮನಿ ನೀರ ಕುಡದು ಚಳಿಜ್ವರ ಬಂದಾವ."

ಪಂಕ್ತಿ ಪಂಕ್ತಿಯೇ ನಕ್ಕಿತು. ನನ್ನ ಆಯುಧವನ್ನೇ ಆಕೆ ತಾಳ ಮಾಡಿಕೊಂಡಿದ್ದಳು.

ಈಗ ಅಕ್ಕನ ಸರದಿ. ನಾನು ಗಡಿಬಿಡಿಯಲ್ಲಿ ನೆಟ್ಟಗಿನ ಗುಂಡಿ ಒತ್ತಿಬಿಟ್ಟೆ. ಶ್ರುತಿ ಗೆರೆ ಎಳೆದಂತೆ ನಿಂತಿತು. ಮೋಸ ಎಂಥ ದಡ್ಡನಿಗೂ ಗೊತ್ತಾಗುವಂತಿತ್ತು. ಚಪ್ಪರದವರೆಲ್ಲ ನನ್ನ ಕಡೆ ತಿರುಗಿದರು.

"ಏನ್ರಿ ಬೀಗರ," ಅಂದಳು ಅತ್ತೆ ನಿಧಾನವಾಗಿ, "ನಿಮ್ಮಕ್ಕನ ಮಾರಿ ನೋಡಿದ ಕೂಡ್ಲೆ ಜ್ವರಾ ಬಿಡ್ತೇನ್ರಿ?"

ನನಗೆ ಎಲೆಯಡಿಗೆ ಹೋಗಿ ಕೂಡಬೇಕೆನಿಸಿತು. ಅಕ್ಕ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅವಳ ಗಂಟಲನ್ನು ಅವಳ ತಮ್ಮನೇ ನಂಬಿರಲಿಲ್ಲ.

"ಅದನ್ನ ಬಂದ್ ಮಾಡು," ಅಂದಳು.

ಬಂದ್ ಮಾಡಿದೆ. ಅಕ್ಕ ಸೆರಗು ಬಿಗಿದು, ಬೀಗರ ಕಡೆಗಲ್ಲ, ನನ್ನ ಕಡೆಗೆ ತಿರುಗಿ ದನಿ ಎತ್ತಿದಳು:

"ಶಾಣ್ಯಾ ನನ್ನ ತಮ್ಮಗ ಪೆಟ್ಟಿಗಿ ಕುಣಸಾಕ ಬರತೈತಿ,
ಕಳ್ಳತನ ಮುಚ್ಚಾಕ ಬರೂದಿಲ್ಲ, ಕಿವಿ ಕೆಂಪಗಾಗೈತಿ.
ಮಾವ ಹಿಂಗ ಅಂತ ನನ ಮಗಳ ಬ್ಯಾಡ ಅನಬ್ಯಾಡ್ರಿ,
ಮಗಳ ಬಂಗಾರ, ಮಾವನ್ನ ಬೇಕಾದ್ರ ನೀವ ಇಟಗೋರಿ."

ಧ್ವನಿ ಮೊದಲ ಸಾಲಿನಲ್ಲಿ ಒಡೆಯಿತು, ಆಮೇಲೆ ಎಲ್ಲಿಯೂ ಒಡೆಯಲಿಲ್ಲ. ಅತ್ತೆ ನಗುತ್ತ ನಗುತ್ತ ಹೋಳಿಗೆ ನೆತ್ತಿಗೇರಿ ಕೆಮ್ಮಿದಳು. ಮದುಮಗಳು ತಲೆ ಎತ್ತಿ ತಾಯಿಯನ್ನು ನೋಡಿದಳು. ಕೆಮ್ಮು ನಿಂತ ಮೇಲೆ ಅತ್ತೆ ಅಕ್ಕನಿಗೆ ಕೈ ಮುಗಿದಳು.

"ಸೋತೇನ್ರಿ ಬೀಗತಿ," ಅಂದಳು. "ಸ್ವಂತ ತಮ್ಮನ್ನ ಬಿಡದವರು ನಮ್ಮನ್ನ ಬಿಡ್ತೀರೇನು?"

ಆಮೇಲೆ ತಾನೇ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. "ತಿನ್ರಿ. ನಿಮ್ಮ ಕಳ್ಳ ಪೆಟ್ಟಿಗಿ ಇಲ್ಲದಿದ್ರ ನಿಮ್ಮಕ್ಕನ ಬಾಯಿ ಇವತ್ತೂ ತೆರೀತಿದ್ದಿಲ್ಲ."

ತಿಂದೆ. ಎಲೆಯಲ್ಲಿ ಚೂರೂ ಬಿಡಲಿಲ್ಲ.

ಆ ತೂಗಾಡುವ ಶ್ರುತಿಯನ್ನು ಮರುದಿನವೇ ಅಳಿಸಿದೆ. ಹಾಡನ್ನು ಅಳಿಸಲು ಬರಲಿಲ್ಲ. ಮೊನ್ನೆ ಅಕ್ಕನ ಮೊಮ್ಮಗಳ ಮದುವೆಯಲ್ಲಿಯೂ ಕೇಳಿದೆ, ಈಗ ಅದಕ್ಕೆ ಇನ್ನೂ ಎರಡು ಸಾಲು ಸೇರಿವೆ. ಅಲ್ಲಿ ಅಕ್ಕ ಹಾಡಲು ಏಳುವ ಮುಂಚೆ ಅವಳ ಹತ್ತಿರ ಹೋಗಿ, "ಅವತ್ತ ನಾ ತಪ್ಪ ಮಾಡಿದ್ನಿ," ಅಂದೆ.

"ಗೊತ್ತೈತಿ," ಅಂದಳು. "ಕುಂತ ಕೇಳು, ನಡುವ ಏಳಬ್ಯಾಡ."

ಕುಳಿತು ಪೂರ್ತಿ ಕೇಳಿದೆ.