ಎರಡು ಬೆರಳು ವಾಲಿದ ಪಟ್ಟಿ

ಮೇಸ್ತ್ರಿಯ ತಂಗಿ ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಎದುರುಬದುರು ಬಾಗಿಲು, ನಡುವೆ ಮೂರು ಹೆಜ್ಜೆ ಜಾಗ, ಇವನು ಸೀನಿದರೆ ಅವಳಿಗೆ ಕೇಳಿಸುತ್ತಿತ್ತು. ಆದರೂ ಮಾತಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಅವನು ಊರಲ್ಲಿಲ್ಲದಾಗ ಅವಳು ಬೇರೆ ಯಾರನ್ನೋ ಕರೆಸಿ ಅಡುಗೆಮನೆಗೆ ಅಡ್ಡಗೋಡೆ ಹಾಕಿಸಿದ್ದಳು. ವಾಪಸು ಬಂದವನು ಚಪ್ಪಲಿ ಕೂಡ ಬಿಡದೆ, ಚೀಲದಿಂದ ತೂಗುಗುಂಡು ತೆಗೆದು, ನೆಂಟರೆಲ್ಲ ಕೂತಿದ್ದ ಹಾಗೇ ಗೋಡೆಗೆ ಇಳಿಬಿಟ್ಟು, "ಎರಡು ಬೆರಳು ವಾಲಿದೆ" ಅಂದುಬಿಟ್ಟ. ತೂಗುಗುಂಡು ಗೊತ್ತಲ್ಲ, ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ಗುಂಡು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ. ಕನ್ನಡಕ ಮರೆತು ಹೊರಗೆ ಹೋದಾನು, ಗುಂಡು ಮರೆಯುವವನಲ್ಲ ಅವನು.

ಮನುಷ್ಯ ಬಂಗಾರದಂಥವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಲಿದ್ದು ಕಣ್ಣಿಗೆ ಬಿದ್ದರೆ ಮುಗಿಯಿತು. ಮದುವೆಯ ದಿನ ಫೋಟೋದವನ ಕ್ಯಾಮೆರಾ ಸ್ಟ್ಯಾಂಡು ಸೊಟ್ಟಗಿದೆಯೆಂದು ಸರಿಮಾಡಲು ಓಡಿದ. ಇರುವ ಒಂದೇ ಫೋಟೋದಲ್ಲಿ ಹೆಂಡತಿ ಒಬ್ಬಳೇ ನಿಂತಿದ್ದಾಳೆ. ಪಾಪ, ಆಕೆ ಈಗಿಲ್ಲ. ಇದ್ದಿದ್ದರೆ ಅಣ್ಣತಂಗಿ ಇಬ್ಬರ ಕಿವಿಯನ್ನೂ ಹಿಂಡಿ ಒಂದು ಮಾಡುತ್ತಿದ್ದಳು. ಇರಲಿ, ಮಾತು ಎಲ್ಲಿಗೋ ಹೋಯಿತು.

ಅಣ್ಣತಂಗಿ ಇದ್ದ ಕಟ್ಟಡಕ್ಕೆ ಒಂದೇ ತಾರಸಿ, ಬಟ್ಟೆ ಒಣಗಿಸಲು ನಾಲ್ಕೇ ತಂತಿ, ಮನೆಗಳು ಎಂಟು. ದಿನ ಬೆಳಗಾದರೆ ಜಗಳ. ಯಾವ ದಿನ, ಯಾವ ಮನೆ, ಯಾವ ತಂತಿ, ಎಷ್ಟು ಗಂಟೆ ಎಂದು ಬರೆದು ಕಟ್ಟಡದವರ ಆನ್‌ಲೈನ್ ಪುಟದಲ್ಲಿ ಹಾಕುವ ಕೆಲಸ ಕೊನೆಗೆ ಮೇಸ್ತ್ರಿಯ ತಲೆಗೆ ಬಂತು. ಅವನೂ ಬೇಡವೆನ್ನಲಿಲ್ಲ. ತಂಗಿಗೆ ಮೊದಲನೇ ತಂತಿ, ಬೆಳಗಿನ ಎಂಟು ಗಂಟೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ತಾರಸಿಯಲ್ಲಿ ಮೊದಲು ಬಿಸಿಲು ಬೀಳುವುದೇ ಅಲ್ಲಿ. ಅದನ್ನು ನೋಡಿಯಾದರೂ ಅವಳು ಬಾಯಿ ಬಿಟ್ಟಾಳು. ಒಂದೇ ಒಂದು ಮಾತು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಮೂರು ದಿನ ಕೂತು ಫೋನಿನ ಮೇಲೆ ಬೆರಳಲ್ಲಿ ಕುಟ್ಟಿದ. ನಾಲ್ಕು ಸಾಲು ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿಯಬೇಕು. ನಡುವೆ ಖಾಲಿ ಜಾಗ ಒತ್ತುತ್ತ, ಒಂದು ಅಕ್ಷರ ಹೊರಗೆ ಬಂದರೆ ಇಟ್ಟಿಗೆ ತಟ್ಟಿದ ಹಾಗೆ ಒಳಕ್ಕೆ ತಳ್ಳುತ್ತ, ಮುಗಿಸಿದ. ಸೊಸೆಯ ಕೈಲಿ ಫೋನ್ ಹಿಡಿಸಿ ಗುಂಡು ಇಳಿಬಿಟ್ಟು ನೋಡಿದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಪೋಸ್ಟ್ ಮಾಡಿದ.

ಆ ಕಟ್ಟಡದವರ ಗುಣ ಏನೆಂದರೆ, ಬಾಯಲ್ಲಿ ಹೇಳಿದ್ದನ್ನು ಯಾರೂ ಕೇಳರು, ಬರೆದದ್ದನ್ನು ಒಬ್ಬರೂ ಮೀರರು. ಕೆಳಗಿನ ಕ್ಷೌರದಂಗಡಿಯವನ ಫೋನಿನಲ್ಲಿ ತಂತಿ, ಗಂಟೆಗಳೆಲ್ಲ ಒಂದು ಮನೆ ಕೆಳಕ್ಕೆ ಜಾರಿದ್ದವು. ಬೆಳಿಗ್ಗೆ ಎಂಟಕ್ಕೇ ನಲವತ್ತು ಟವೆಲ್ ಹೊತ್ತು ತಂದು ಮೊದಲನೇ ತಂತಿ ತುಂಬಿಸಿದ. ಎರಡನೇ ಮಹಡಿಯ ಟೀಚರಮ್ಮ ಅಕ್ಷರ ದೊಡ್ಡದು ಮಾಡಿಕೊಂಡು ಓದುವವರು. ಅವರ ಮನೆಯ ಎದುರಿಗೆ ಬುಧವಾರ ಎಂದಷ್ಟೇ ಉಳಿದಿತ್ತು. ತಂತಿಯೇ ಸಿಗಲಿಲ್ಲ, ಇಡೀ ಬುಧವಾರ ಸಿಕ್ಕಿತು. ಒದ್ದೆ ಕರವಸ್ತ್ರವೊಂದನ್ನು ಕೈಯಲ್ಲಿ ಹಿಡಿದು ಬುಧವಾರ ಪೂರ್ತಿ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬಟ್ಟೆ ತಂದವರಿಗೆಲ್ಲ, "ಬುಧವಾರ ನಂದು" ಎಂದು ಹೇಳಿ ಇಳಿಸಿ ಕಳಿಸಿದರು.

ಮೇಸ್ತ್ರಿ ಗುಂಡು ಹಿಡಿದು ತಪಾಸಣೆಗೆ ಹೊರಟ. ಮೊದಲು ಕ್ಷೌರದಂಗಡಿ.

"ಫೋನ್ ತೆಗಿ. ನೆಟ್ಟಗೆ ಹಿಡಿ."

"ಮೇಸ್ತ್ರಿಗಳೇ, ಗಿರಾಕಿ ಮುಖದ ತುಂಬ ಸೋಪಿದೆ."

"ಅವರೇನು ಓಡಿಹೋಗಲ್ಲ. ಹಿಡಿ."

"ಹಿಡಿದಿದೀನಲ್ಲ, ನೆಟ್ಟಗೇ ಇದೆ."

"ಹಾಗಾದ್ರೆ ನಿನ್ನ ಅಂಗಡೀನೇ ವಾಲಿದೆ."

"ಹಾಗೇ ನಾನೂ ವಾಲಿದೀನಾ ನೋಡಿಬಿಡಿ," ಎಂದಿತು ಸೋಪಿನೊಳಗಿನ ಬಾಯಿ.

ಆರು ಮನೆಯ ಫೋನುಗಳಿಗೆ ಗುಂಡು ಇಳಿಬಿಟ್ಟಾಯಿತು. ಫೋನು ನೆಟ್ಟಗೆ, ಸಾಲು ಸೊಟ್ಟಗೆ. ಅವನ ಜನ್ಮದಲ್ಲಿ ಇಂಥದ್ದು ಕಂಡಿರಲಿಲ್ಲ. ಸುಸ್ತಾಗಿ ಮೆಟ್ಟಿಲು ಹತ್ತಿ ಬರುವಾಗ ಸಂಜೆ ಆರು ಗಂಟೆ. ಎದುರಿಗೆ ತಂಗಿ, ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋಗುತ್ತಿದ್ದಾಳೆ. ಅವಳ ಫೋನಿನಲ್ಲಿ ಅವಳ ಪಾಲಿಗೆ ಬಿದ್ದಿದ್ದು ನೀರಿನ ಟ್ಯಾಂಕಿನ ಕೆಳಗಿನ ನಾಲ್ಕನೇ ತಂತಿ, ಹೊತ್ತು ಮುಳುಗಿದ ಮೇಲೆ. ಅಲ್ಲಿ ಒಣಗಲು ಹಾಕಿದರೆ ಬಟ್ಟೆ ಇನ್ನಷ್ಟು ಒದ್ದೆಯಾಗುತ್ತದೆ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

ಮೇಸ್ತ್ರಿ ಮನೆಗೆ ಬಂದು ಕುಸಿದು ಕೂತ. "ಬೇಕಂತಲೇ ಮಾಡಿದೀನಿ ಅಂದ್ಕೊಂಡಿರ್ತಾಳೆ ಕಣಮ್ಮಾ."

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ನೂರು ರಿಪೋರ್ಟು ಟೈಪು ಮಾಡುವವಳು. "ಮಾವ, ಖಾಲಿ ಜಾಗ ಒತ್ತಿ ಒತ್ತಿ ನಿಲ್ಸಿದ್ರೆ ಎಲ್ಲಿ ನಿಲ್ಲತ್ತೆ? ಒಬ್ಬೊಬ್ರ ಫೋನಲ್ಲಿ ಅಕ್ಷರ ಒಂದೊಂದು ಅಗಲ. ಇಲ್ಲಿ ನೋಡಿ, ಟೇಬಲ್ ಅಂತಿದೆ. ಪ್ರತಿ ಮಾತಿಗೂ ಅದರದೇ ಕೋಣೆ. ಯಾರ ಫೋನಿಗೆ ಹೋದ್ರೂ ಕೋಣೆ ಬಿಟ್ಟು ಆಚೆ ಬರಲ್ಲ."

"ಸುತ್ತ ಕಟಕಟೆ ಕಟ್ಟಿದ್ರೆ ಕುಡುಕನೂ ನೆಟ್ಟಗೆ ನಿಲ್ತಾನೆ. ಅದೇನು ಕೆಲಸಗಾರಿಕೆ."

"ಸರಿ, ಹಾಗಾದ್ರೆ ಅತ್ತೆ ಬಟ್ಟೆ ಟ್ಯಾಂಕಿನ ಕೆಳಗೇ ಒಣಗಲಿ."

ಅವನು ಫೋನನ್ನು ಅವಳ ಕೈಗೆ ಕೊಟ್ಟ. ಸೊಸೆ ಟೇಬಲ್ ಹಾಕಿ, ಒಂದೊಂದನ್ನೂ ಅದರ ಕೋಣೆಗೆ ಸೇರಿಸಿ ಮುಗಿಸಿದಳು. ಇನ್ನೇನು ಪೋಸ್ಟ್ ಒತ್ತಬೇಕು, ಬಾಗಿಲು ತಟ್ಟಿದ ಸದ್ದು.

ತಂಗಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹೊಲಿಗೆಯ ದಾರ, ದಾರದ ತುದಿಗೆ ಕಟ್ಟಿದ ಬೀರುವಿನ ಬೀಗ. ಸೀದಾ ಒಳಗೆ ಬಂದು, ಫೋನನ್ನು ಅವನ ಮೂಗಿನ ಮುಂದೆ ಹಿಡಿದು, ಬೀಗ ಇಳಿಬಿಟ್ಟಳು. ಬೀಗ ಆ ಕಡೆ ಈ ಕಡೆ ತೂಗಿ ನಿಲ್ಲುವ ತನಕ ಮೂವರೂ ಉಸಿರು ಬಿಗಿಹಿಡಿದು ಕಾದರು.

"ಎರಡು ಬೆರಳು ವಾಲಿದೆ," ಎಂದಳು. ಹನ್ನೊಂದು ವರ್ಷದ ಮೇಲಿನ ಮೊದಲ ಮಾತು.

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಸುಳ್ಳು ಹೇಳಿ ಗೊತ್ತಿಲ್ಲದವನು.

"ಎರಡಲ್ಲ ಪುಟ್ಟಿ. ಮೂರು."

ಅರವತ್ತೆಂಟರ ಪುಟ್ಟಿಯ ಮುಖ ಹೂವಿನ ಹಾಗೆ ಅರಳಿತು. "ಮೂರಾ? ಸರಿಯಾಗಿ ನೋಡು ಅಣ್ಣ."

"ಕೆಳಗಡೆ ಮೂರೂವರೇನೇ ಆಗತ್ತೆ."

"ನನ್ನ ಗೋಡೆ ಎರಡೇ."

"ಎರಡೇ. ನಿನ್ನ ಗೋಡೆ ಇದಕ್ಕಿಂತ ವಾಸಿ."

ಸೊಸೆ, "ಅತ್ತೆ, ಸರಿಯಾದ್ದು ಇಲ್ಲಿ ರೆಡಿ ಇದೆ, ಹಾಕಿಬಿಡ್ಲಾ?" ಎಂದಳು.

"ಮುಟ್ಟಬೇಡ," ಎಂದಳು ತಂಗಿ. "ಟೀಚರಮ್ಮನಿಗೆ ಇನ್ನೂ ತೋರ್ಸಿಲ್ಲ. ಕ್ಷೌರದವನಿಗೂ ತೋರ್ಸಿಲ್ಲ. ನಡಿ ಅಣ್ಣ, ಫೋನ್ ನೀನೇ ಹಿಡ್ಕೊ. ನೆಟ್ಟಗೆ ಹಿಡಿ."

ಮೇಸ್ತ್ರಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮುಂದೆ ನಡೆದ. ಮೊಣಕಾಲು ನೋವಿನ ತಂಗಿ ಅವನ ಹೆಗಲ ಮೇಲೆ ಕೈಯಿಟ್ಟು, ಬೀಗ ತೂಗಾಡಿಸುತ್ತ, ಒಂದೊಂದೇ ಮೆಟ್ಟಿಲು ಇಳಿದಳು. ಪ್ರತಿ ಬಾಗಿಲಲ್ಲೂ ಅವಳು, "ಎಷ್ಟು ಅಂತ ಹೇಳು," ಎನ್ನುವುದು, ಅವನು, "ಮೂರು ಬೆರಳು," ಎಂದು ಒಪ್ಪಿಸುವುದು. ಕೆಳಗಿನ ಅಂಗಡಿ ಮುಟ್ಟುವ ಹೊತ್ತಿಗೆ, ಅವಳು ಕೇಳುವುದಕ್ಕೂ ಮೊದಲೇ ಅವನು ಹೇಳತೊಡಗಿದ್ದ.